ಹಳೆಯ ಪತ್ರಿಕೆಗಳಲ್ಲಿ ‘ವರ್ತಮಾನ’ ಎಂದರೆ ಸುದ್ದಿಯೋ, ಈಗಿನ ಕಾಲವೋ?

ಹಳೆಹೊತ್ತಿಗೆ:
ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಓದುತ್ತಿದ್ದೇನೆ. ‘ತಂತಿ ವರ್ತಮಾನ’, ‘ವರ್ತಮಾನ ಪತ್ರಿಕೆ’ ಎಂಬಲ್ಲಿ ಆ ಪದಕ್ಕೆ ಸುದ್ದಿ ಎಂಬ ಅರ್ಥವಿರುವುದು ಸ್ಪಷ್ಟ. ಆದರೆ ‘ದೇಶದ ವರ್ತಮಾನವನ್ನು ಅರಿಯದವರು’ ಎಂಬಂಥ ವಾಕ್ಯ ಎದುರಾದಾಗ, ಅರಿಯಬೇಕಾದದ್ದು ದೇಶದ ಸುದ್ದಿಯನ್ನೋ ಅದರ ಈಗಿನ ಸ್ಥಿತಿಯನ್ನೋ ಎಂದು ತಡವರಿಸುತ್ತೇನೆ. ತೀರ್ಮಾನಿಸಲು ಏನಾದರೂ ಆಧಾರವಿದೆಯೇ? ಸುದ್ದಿ ಎಂಬ ಅರ್ಥ ಈಚೆಗೆ ಹಿಂದೆ ಸರಿದದ್ದಾದರೂ ಏಕೆ?

ಅಚ್ಚುಮೊಳೆ:
ಮೊದಲು ಕ್ರಿಯಾಪದವನ್ನು ನೋಡಿರಿ. ವರ್ತಮಾನ ‘ಬಂದಿತು’, ‘ತಿಳಿಯಿತು’, ‘ಮುಟ್ಟಿತು’ ಎಂದಿದ್ದರೆ, ಅಥವಾ ಯಾರಾದರೂ ಅದನ್ನು ‘ಹೇಳಿ ಕಳುಹಿಸಿದರು’ ಎಂದಿದ್ದರೆ ಅದು ಸುದ್ದಿಯೇ. ಬಹುವಚನ ಇನ್ನೂ ಗಟ್ಟಿಯಾದ ಸಾಕ್ಷಿ: ಈಗಿನ ಕಾಲ ಒಂದೇ ಆದ್ದರಿಂದ ‘ವರ್ತಮಾನಗಳು’ ಎಂದು ಕಂಡಲ್ಲಿ ಅನುಮಾನಕ್ಕೆ ಎಡೆಯಿಲ್ಲ. ‘ಕಾಲ’, ‘ಸ್ಥಿತಿ’ ಮುಂತಾದ ಪದಗಳ ಹಿಂದೆ ವಿಶೇಷಣವಾಗಿ ನಿಂತಾಗ ಮಾತ್ರ ಅದು ಸಾಮಾನ್ಯವಾಗಿ ಇಂದಿನದೆಂಬ ಅರ್ಥವನ್ನು ಕೊಡುತ್ತದೆ. ನೀವು ಕೊಟ್ಟ ವಾಕ್ಯವನ್ನು ನಾನು ಸುದ್ದಿಯೆಂದೇ ಓದುತ್ತೇನೆ, ಏಕೆಂದರೆ ಬರಿಯ ‘ವರ್ತಮಾನ’ವನ್ನು ಈಗಿನ ಪರಿಸ್ಥಿತಿ ಎಂಬ ಅರ್ಥದಲ್ಲಿ ಹೀಗೆ ಧಾರಾಳವಾಗಿ ಬಳಸುವುದು ಹೆಚ್ಚಾಗಿ ನಮ್ಮ ಕಾಲದ ವಿಮರ್ಶಕರ ಅಭ್ಯಾಸ.

ಇದು ಕನ್ನಡದ್ದೊಂದೇ ರೂಢಿಯಲ್ಲ. ಮದರಾಸಿನಲ್ಲಿ 1842ರಲ್ಲಿ ಹೊರಟ ತೆಲುಗು ಪತ್ರಿಕೆಯ ಹೆಸರೇ ‘ವರ್ತಮಾನ ತರಂಗಿಣಿ’. ಮರುವರ್ಷ, 1843ರ ಜುಲೈ 1ರಂದು, ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಮಾತ್ರ ಹೆಸರಿಗೆ ‘ಸಮಾಚಾರ’ವನ್ನು ಆರಿಸಿಕೊಂಡಿತು. ಬಂಗಾಳದ ‘ಸಮಾಚಾರ ದರ್ಪಣ’ 1818ರದು, ‘ಮುಂಬಯಿ ಸಮಾಚಾರ’ 1822ರದು. ಆ ಹೆಸರಿಗೆ ಆಗಲೇ ಚಲಾವಣೆಯಿತ್ತು. (ಮುಂಬಯಿಯ ಪತ್ರಿಕೆ ಆರಂಭವಾದದ್ದೂ ಜುಲೈ 1ರಂದೇ ಎಂಬುದು ಕೇವಲ ಕಾಕತಾಳೀಯ.)

ಧಾರವಾಡದವ:
ಮೇಲಿನ ಮಾತಿಗೆ ಒಂದು ಸೇರ್ಪಡೆ. ಮರಾಠಿಯಲ್ಲಿ ದಿನಪತ್ರಿಕೆಯನ್ನು ಇಂದಿಗೂ ‘ವರ್ತಮಾನಪತ್ರ’ ಎನ್ನುತ್ತಾರೆ; ಮುಂಬಯಿ ಕರ್ನಾಟಕದಲ್ಲಿ ಈ ಪದ ಬೇರೂರಲು ಆ ನೆರೆಹೊರೆಯೂ ಕಾರಣವಾಗಿರಬೇಕು. ‘ವೃತ್ತ’, ‘ವೃತ್ತಾಂತ’ಗಳು ಅದೇ ಧಾತುವಿನ ಬಂಧುಗಳು: ‘ವರ್ತಮಾನ’ ನಡೆಯುತ್ತಿರುವುದು, ‘ವೃತ್ತ’ ನಡೆದುಹೋದದ್ದು. ಹಾಗೆಂದು ಪತ್ರಿಕೆಗಳು ಈ ಭೇದವನ್ನು ಪಾಲಿಸಿದವೆಂದು ಭಾವಿಸಬೇಕಾಗಿಲ್ಲ. ಸಂಪಾದಕರು ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದರು.

ಹಿಂದೆ ಸರಿದ ಕಾರಣವನ್ನು ಕೇಳಿದ್ದೀರಿ. ಆಕಾಶವಾಣಿ ದಿನವೂ ‘ವಾರ್ತೆಗಳು’ ಎನ್ನುತ್ತ ಬಂದಿತು, ಪತ್ರಿಕೆಗಳು ಚಿಕ್ಕದೂ ಆಡುಮಾತಿನದೂ ಆದ ‘ಸುದ್ದಿ’ಯನ್ನು ಹಿಡಿದವು; ಇವೆರಡರ ನಡುವೆ ‘ವರ್ತಮಾನ’ಕ್ಕೆ ಜಾಗ ಉಳಿಯಲಿಲ್ಲವೆಂಬುದು ನನ್ನ ಊಹೆ.

ಚಂದ್ರಗಿರಿ ತೀರ:
ಕಾಸರಗೋಡಿನ ಕಡೆಯವರಾದ ನಮಗೆ ಈ ಅರ್ಥ ಹಳತೆನಿಸುವುದೇ ಇಲ್ಲ. ಸುತ್ತಲಿನ ಮಲಯಾಳಂ ಭಾಷಿಕರಿಗೆ ‘ವರ್ತಮಾನ’ ಎಂದರೆ ಮಾತುಕತೆ. ‘ಎಂದಾ ವರ್ತಮಾನಂ’ ಎಂದು ಕೇಳಿದರೆ ‘ಏನು ಸಮಾಚಾರ’ ಎಂದೇ ಅರ್ಥ.

ಹಳೆಹೊತ್ತಿಗೆ:
ಬಹುವಚನದ ಸೂತ್ರವನ್ನು ನನ್ನ ಪ್ರತಿಗಳಿಗೆ ಹಚ್ಚಿ ನೋಡಿದೆ, ಹೆಚ್ಚಿನ ಗೊಂದಲ ತೀರಿತು. ಆದರೆ ಕಂಪ್ಯೂಟರಿನಲ್ಲಿ ಹುಡುಕಿದಾಗ, ಕಣ್ಣೆದುರೇ ಇರುವ ಎಷ್ಟೋ ಪ್ರಯೋಗಗಳು ಸಿಗುವುದಿಲ್ಲ.

ಅಚ್ಚುಮೊಳೆ:
ಅದಕ್ಕೆ ಕಾರಣ ಅರ್ಕಾವತ್ತು, ಎಂದರೆ ರೇಫದ (ಅರ್ಧ ರಕಾರದ) ಗುರುತು. ಹಳೆಯ ಮುದ್ರಣದಲ್ಲಿ ‘ವತ೯ಮಾನ’ ಎಂದು ರೇಫವನ್ನು ಅಕ್ಷರದ ಮುಂದೆ ಜೋಡಿಸುವ ಪದ್ಧತಿಯಿತ್ತು. ಸ್ಕ್ಯಾನ್ ಪ್ರತಿಯ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ ಅದನ್ನು ಒಂಬತ್ತೆಂಬ ಅಂಕಿಯೆಂದು ಓದುತ್ತದೆ. ಕೆಲವು ಕಡೆ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವ ಬಂದು ‘ವರ್ತ್ತಮಾನ’ ಎಂದೂ ಇರುತ್ತದೆ. ಮೂರೂ ರೂಪಗಳನ್ನು ಬೇರೆಬೇರೆಯಾಗಿ ಹುಡುಕಿರಿ.