ಬೋರಮಾಳ, ಗುಂಡಿನ ಸರ: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಅವ್ವನ ಎರಡೆಳಿ ಬೋರಮಾಳದ (ಬಂಗಾರದ ಮಣಿಗಳ ಸರ) ದಾರ ಸವೆದಿತ್ತು. ಮತ್ತೆ ಪೋಣಿಸಲು ಹೋದ ವಾರ ಹುಬ್ಬಳ್ಳಿಯ ಒಂದು ಬಂಗಾರದ ಅಂಗಡಿಗೆ ಕೊಟ್ಟೆವು. ಅಲ್ಲಿನ ಹುಡುಗಿ ಚೀಟಿಯಲ್ಲಿ 'ಗುಂಡಿನ ಸರ' ಎಂದು ಬರೆದಳು. ಅವ್ವ ಒಪ್ಪಲಿಲ್ಲ. "ಇದು ಗುಂಡಿನ ಸರ ಅಲ್ಲ ತಂಗಿ, ಬೋರಮಾಳ ಐತಿ" ಅಂದಳು. "ಎರಡೂ ಒಂದ ಅಲ್ಲೇನ್ರೀ ಅಮ್ಮಾರ?" ಎಂದು ಅವಳು ಕೇಳಿದಳು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನಗೆ ಅವ್ವನ ಮಾತೇ ಸರಿ ಅನ್ನಿಸುತ್ತದೆ. ಗುಂಡು ಅಂದರೆ ಪೂರ್ತಿ ದುಂಡಗಿನ ಮಣಿ. ಬೋರಮಾಳದ ಮಣಿ ಸ್ವಲ್ಪ ಉದ್ದ, ನಡುವೆ ಉಬ್ಬು, ಥೇಟ್ ಬಾರಿಹಣ್ಣು. ಹೊರಗೆ ತೆಳ್ಳಗಿನ ಬಂಗಾರದ ತಗಡು, ಒಳಗೆ ಅರಗು. ಅದಕ್ಕೇ ನೋಡಲು ತುಂಬಿಕೊಂಡಿರುತ್ತದೆ, ಬಂಗಾರ ಮಾತ್ರ ಕಡಿಮೆ ಸಾಕು. ಮುರಿಸುವಾಗ ಪತ್ತಾರರು (ಅಕ್ಕಸಾಲಿಗರು) ಅರಗಿನ ತೂಕ ಕಳೆದೇ ಲೆಕ್ಕ ಹಾಕುತ್ತಾರೆ.

ಇನ್ನು ಪದದ ವಿಚಾರ. ಮರಾಠಿಯಲ್ಲಿ ಬೋರ ಅಂದರೆ ಬಾರಿಹಣ್ಣು. ಆದರೆ ಕನ್ನಡದಲ್ಲೂ ಬೋರೆಹಣ್ಣು ಅನ್ನುತ್ತೇವಲ್ವಾ? ಮೊದಲ ಅರ್ಧ ನೋಡಿ ಪದ ಯಾರದ್ದು ಅಂತ ಹೇಳುವುದು ಕಷ್ಟ. ಸುಳಿವು ಇರುವುದು 'ಮಾಳ'ದಲ್ಲಿ. ಸಂಸ್ಕೃತದ ಮಾಲಾ ಕನ್ನಡದಲ್ಲಿ ಮಾಲೆ ಆಯಿತು, ಮರಾಠಿಯಲ್ಲಿ ಮಾಳ ಆಯಿತು. ಹಳಗನ್ನಡದಲ್ಲಿ ಕಮಲ 'ಕಮಳ' ಆಗುತ್ತಿತ್ತು, ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಇಂಥ ಳಕಾರವನ್ನು ಕ್ಷಳ ಎನ್ನುತ್ತಾನೆ. ಹಾಗಾಗಿ ಳ ಒಂದೇ ಸಾಕ್ಷಿ ಸಾಲದು. ಆದರೆ ಕೊನೆಯ 'ಆ' ನಮ್ಮಲ್ಲಿ 'ಎ' ಆಗಬೇಕಿತ್ತು. ಅದು ಆಗಿಲ್ಲ. ಪದ ಮರಾಠಿಯಿಂದಲೇ ಬಂದಿದೆ ಎಂದು ನಾನು ಹೇಳುತ್ತೇನೆ. 1956ರ ತನಕ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು, ಅದಕ್ಕೂ ಮೊದಲಿನಿಂದ ಇಲ್ಲಿ ಮರಾಠಿ ಮಾತಿನ ಒಡನಾಟ ಜಾಸ್ತಿ.

ನನಗೆ ಬಿಡಿಸಲಾಗದ ಗಂಟು ಬೇರೆ. ಮರಾಠಿಯವರ ಪುತಳಿಮಾಳ (ನಾಣ್ಯದಂಥ ಬಂಗಾರದ ಬಿಲ್ಲೆಗಳ ಸರ) ನಮ್ಮಲ್ಲಿ ಪುತಳಿ ಸರ ಆಗಿದೆ. ಮಾಳ ಹೋಗಿ ನಮ್ಮ ಸರ ಬಂದಿದೆ. ಹಾಗಾದರೆ ಬೋರಮಾಳ ಯಾಕೆ 'ಬೋರಿ ಸರ' ಆಗಲಿಲ್ಲ? ಕೆಲವರು 'ಬೋರಮಾಳ ಸರ' ಅನ್ನುವುದನ್ನೂ ಕೇಳಿದ್ದೇನೆ. ಅವರಿಗೆ ಮಾಳದ ಅರ್ಥ ಮರೆತು, ಬೋರಮಾಳ ಅಂದರೆ ಮಣಿಯ ಹೆಸರೇ ಆಗಿರಬೇಕು.

ಗದಗ, ಹಾವೇರಿ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮ ಮನೆಯ ಹಿರಿಯರು ಏನಂತಾರೆ, ಬರೀ ಬೋರಮಾಳ ಅಂತಾರಾ, ಸರ ಸೇರಿಸ್ತಾರಾ? ನಿಮ್ಮೂರಿನ ಪತ್ತಾರರು ಗುಂಡು ಮತ್ತು ಬೋರಮಾಳದ ಮಣಿಗೆ ಬೇರೆ ಬೇರೆ ಅಚ್ಚು ಇಟ್ಟಿದ್ದಾರಾ?