ಹಗುರ ಸ್ಪೋರ್ಟ್ಸ್ ಕಾರು ಕೊಡಗಿನ ದಿನನಿತ್ಯದ ಓಡಾಟಕ್ಕೆ ಒಗ್ಗುತ್ತದೆಯೇ?

ಕೇಳಿದವರು: ವಿರಾಜಪೇಟೆಯ ಸಮೀಪದ ಓದುಗರು

ನಮ್ಮ ಮನೆ ಕಾಫಿ ತೋಟದೊಳಗಿದೆ, ಕೆಲಸ ಮಡಿಕೇರಿಯಲ್ಲಿ. ಮೂರ್ನಾಡಿನ ಮೇಲೆ ಹೋಗಿ ಬರಲು ದಿನಕ್ಕೆ 60 ಕಿಲೋಮೀಟರಿಗೆ ಕಡಿಮೆಯಿಲ್ಲ. ಇಷ್ಟು ವರ್ಷ ಅಪ್ಪನ ಜೀಪಿನಲ್ಲೇ ಈ ತಿರುವುಗಳನ್ನು ಸವೆಸಿದ್ದೇನೆ. ಇನ್ನು ಸ್ಟಿಯರಿಂಗ್ ತಿರುಗಿಸಿದೊಡನೆ ಮಾತು ಕೇಳುವ, ಮೈಭಾರವಿಲ್ಲದ ಒಂದು ಕಾರು ಬೇಕೆನಿಸಿದೆ. ಮನಸ್ಸಿನಲ್ಲಿರುವುದು ಲೋಟಸ್ ಎಲೀಸ್ ಅಥವಾ ಮಜ್ದಾ ಎಂಎಕ್ಸ್-5. ಕೈಯಲ್ಲಿರುವುದು 7 ಲಕ್ಷ ರೂಪಾಯಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬಲೆನೊ ಆರ್‌ಎಸ್, ಅಬಾರ್ಥ್ ಪುಂಟೊ, ಪೋಲೊ ಜಿಟಿ ಟಿಎಸ್‌ಐ ಈ ಮೂರನ್ನು ನೋಡುತ್ತಿದ್ದೇನೆ. ಇಂತಹ ಕಾರನ್ನು ದಿನವೂ ಓಡಿಸಿದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಮಡಿಕೇರಿಯ ನಿವೃತ್ತ ಎಂಜಿನಿಯರ್ ಒಬ್ಬರ ಉತ್ತರ

ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಮೊದಲ ತಲೆಮಾರಿನ ಎಲೀಸ್ ಒಂದನ್ನು ನಾಲ್ಕು ವರ್ಷ ಬಳಸಿದ್ದೇನೆ, ಅದೂ ಭಾನುವಾರದ ಆಟಿಕೆಯಾಗಿ ಅಲ್ಲ, ಕಚೇರಿಗೆ ಹೋಗುವ ಕಾರಾಗಿ. 1996ರಲ್ಲಿ ಬಂದ ಆ ಕಾರಿನ ತೂಕ ಸುಮಾರು 725 ಕೆ.ಜಿ. ಮಾತ್ರ. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಎಪಾಕ್ಸಿ ಅಂಟಿನಿಂದ ಕೂಡಿಸಿದ್ದ ಅದರ ಚಾಸಿಯ, ಅಂದರೆ ಕಾರಿನ ಅಡಿ ಚೌಕಟ್ಟಿನ, ತೂಕವೇ 70 ಕೆ.ಜಿ.ಯ ಒಳಗೆ, ಅಂದರೆ ಇಬ್ಬರು ಹಿಡಿದರೆ ಎತ್ತಬಹುದಾದಷ್ಟು. 1.8 ಲೀಟರ್ ಎಂಜಿನ್ ಕೊಡುತ್ತಿದ್ದುದು 120ರ ಆಸುಪಾಸಿನ ಅಶ್ವಶಕ್ತಿಯನ್ನಾದರೂ, ಟನ್ನಿಗೆ ಲೆಕ್ಕ ಹಾಕಿದರೆ ಅದು 160ನ್ನು ದಾಟುತ್ತಿತ್ತು. ಪವರ್ ಸ್ಟಿಯರಿಂಗ್ ಇರಲಿಲ್ಲ, ಬ್ರೇಕಿಗೆ ಸರ್ವೊ (ಕಾಲಿನ ಒತ್ತಡವನ್ನು ಹೆಚ್ಚಿಸುವ ಸಾಧನ) ಸಹ ಇರಲಿಲ್ಲ. ಅಷ್ಟು ಹಗುರವಾದ ಕಾರಿಗೆ ಅವೆರಡೂ ಬೇಕಾಗಲೂ ಇಲ್ಲ. ರಸ್ತೆಯ ಮೇಲಿನ ಒಂದು ಸಣ್ಣ ಕಲ್ಲು ಸಹ ಅಂಗೈಗೆ ತಿಳಿಯುತ್ತಿತ್ತು.

ಆದರೆ ದಿನನಿತ್ಯದ ಮಾತು ಬೇರೆ. ಬಾಗಿಲ ಹೊಸ್ತಿಲು ಎಷ್ಟು ಅಗಲವೆಂದರೆ, ಒಂದು ಕಾಲನ್ನು ಒಳಗಿಟ್ಟು, ಕೈಯೂರಿ, ಮೈಯನ್ನು ಜಾರಿಸಿಕೊಂಡು ಕುಳಿತುಕೊಳ್ಳಬೇಕು. ನನ್ನ ಪತ್ನಿ ಸೀರೆಯುಟ್ಟು ಅದರಲ್ಲಿ ಕುಳಿತದ್ದು ಒಂದೇ ಸಲ. ಇಳಿದ ಮೇಲೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಜೋರು ಮಳೆ ಬಂದರೆ ಬಟ್ಟೆಯ ಮಾಡಿನ ಅಂಚಿನಿಂದ ತೊಡೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿಯ ಮಳೆಗೇ ಹಾಗಾದರೆ ನಮ್ಮ ಆಟಿ ತಿಂಗಳ ಮಳೆಗೆ ಏನಾದೀತೆಂಬುದನ್ನು ತಾವೇ ಊಹಿಸಿಕೊಳ್ಳಿ. ಎಂಎಕ್ಸ್-5 ಇದಕ್ಕಿಂತ ಎಷ್ಟೋ ಸಂಸಾರಸ್ಥ ಕಾರು. 1989ರಿಂದ ಇಂದಿನವರೆಗೂ ಅದನ್ನು ಒಂದು ಟನ್ನಿನ ಆಸುಪಾಸಿನಲ್ಲೇ ಉಳಿಸಿಕೊಂಡು ಬಂದಿರುವುದು ಸಣ್ಣ ಸಾಧನೆಯಲ್ಲ. ಆದರೆ ಮಜ್ದಾ ನಮ್ಮ ದೇಶದಲ್ಲಿ ಕಾರು ಮಾರುತ್ತಿಲ್ಲ. ತರಿಸಿಕೊಂಡರೆ ಸುಂಕದ ಹೊರೆ ಒಂದು ಕಡೆ. ಒಂದು ಹೆಡ್‌ಲೈಟ್ ಒಡೆದರೂ ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಇನ್ನೊಂದು ಕಡೆ. ಅವೆರಡನ್ನೂ ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಅಮ್ಮತ್ತಿಯ ಬೆಳೆಗಾರರೊಬ್ಬರ ಉತ್ತರ

ತಾವು ಹೆಸರಿಸಿದ ಮೂರರಲ್ಲಿ ಒಂದನ್ನು, ಅಂದರೆ ಬಲೆನೊ ಆರ್‌ಎಸ್ ಅನ್ನು, ನಾನು ಐದು ವರ್ಷಗಳಿಂದ ಓಡಿಸುತ್ತಿದ್ದೇನೆ. 2017ರಲ್ಲಿ ಬಂದ ಈ ಕಾರಿನಲ್ಲಿ ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್ ಇದೆ; 102 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ) ಶಕ್ತಿ, 150 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ತೂಕ 950 ಕೆ.ಜಿ. ಪುಂಟೊದ 145 ಅಶ್ವಶಕ್ತಿಯ ಮುಂದೆ ಇದು ಕಾಗದದ ಮೇಲೆ ಬಡವಾಗಿ ಕಾಣುವುದು ನಿಜ. ನನ್ನ ಭಾವನ ಬಳಿ ಪುಂಟೊ ಇತ್ತು, ಅದರ ಎಳೆತಕ್ಕೆ ನಾನೂ ಮರುಳಾಗಿದ್ದೆ. ಆದರೆ ನಮ್ಮ ದಾರಿಯಲ್ಲಿ ಆ ಶಕ್ತಿಯನ್ನು ಪೂರ್ತಿ ಬಳಸಲು ಸಿಗುವುದು ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ಇನ್ನೂರು ಮೀಟರ್ ಮಾತ್ರ, ಅಲ್ಲಿಯೂ ಎದುರಿನಿಂದ ಮರದ ಲಾರಿ ಬಾರದಿದ್ದರೆ. ಪುಂಟೊ ಸುಮಾರು 240 ಕೆ.ಜಿ. ಹೆಚ್ಚು ತೂಗುತ್ತದೆ. ಅದೇ ವೇಗದಿಂದ ನಿಲ್ಲಿಸುವಾಗ ಅದರ ಬ್ರೇಕುಗಳು ಕಾಲು ಪಾಲು ಹೆಚ್ಚು ಶಾಖವನ್ನು ನುಂಗಬೇಕು, ಮಾಕುಟ್ಟದ ಇಳಿಜಾರಿನಲ್ಲಿ ಆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಪೋಲೊ ಜಿಟಿಯನ್ನು ಒಂದೇ ಸಲ ಓಡಿಸಿದ್ದೇನೆ. ಗಟ್ಟಿಮುಟ್ಟಾದ ಕಾರು, ಆದರೆ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆಯಾದ್ದರಿಂದ ನನಗೆ ಕೈ ಕಟ್ಟಿದಂತಾಯಿತು.

ಟರ್ಬೊ ಬಗ್ಗೆ ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳುವಾದ ಗಾಳಿಯಲ್ಲಿ ಸಾಧಾರಣ ಎಂಜಿನ್ ತನ್ನ ಬಲದ ಹತ್ತನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಆ ಕೊರತೆಯ ಬಹುಪಾಲು ತುಂಬಿಬರುತ್ತದೆ.

ಇನ್ನು ನನ್ನದೇ ದಡ್ಡತನವನ್ನು ಹೇಳಬೇಕು. ಕಾರು ಇನ್ನಷ್ಟು ನೆಲಕ್ಕಂಟಿ ಓಡಲೆಂದು ಸ್ಪ್ರಿಂಗ್ ಬದಲಿಸಿ 35 ಮಿಲಿಮೀಟರ್ ತಗ್ಗಿಸಿದೆ. ಗೋಣಿಕೊಪ್ಪದವರೆಗಿನ ಡಾಂಬರಿನಲ್ಲಿ ಸ್ವರ್ಗ ಸುಖ. ಮನೆಗೆ ತಿರುಗುವಲ್ಲಿ ಮಳೆನೀರು ತೋಟಕ್ಕೆ ಇಳಿಯದಿರಲೆಂದು ಅಜ್ಜ ಕಟ್ಟಿಸಿದ್ದ ಕಾಂಕ್ರೀಟ್ ದಿಂಡಿಗೆ ಮೂರನೆಯ ದಿನವೇ ಎಂಜಿನ್ನಿನ ಅಡಿಯಲ್ಲಿರುವ ಎಣ್ಣೆಯ ಸಂಪ್ ತಗುಲಿ ಸೀಳಿತು, ಎಣ್ಣೆಯೆಲ್ಲ ಚೆಲ್ಲಿ ಹೋಯಿತು. ಹಳೆಯ ಸ್ಪ್ರಿಂಗನ್ನೇ ಮತ್ತೆ ಹಾಕಿಸಿದೆ. ಕೊಡಗಿನಲ್ಲಿ ಕಾರನ್ನು ಆರಿಸುವುದು ರಾಷ್ಟ್ರೀಯ ಹೆದ್ದಾರಿಯಲ್ಲ, ಗೇಟಿನಿಂದ ಅಂಗಳದವರೆಗಿನ ಕೊನೆಯ ಅರ್ಧ ಕಿಲೋಮೀಟರ್. ಪುಂಟೊದ ನೆಲದಂತರ, ಅಂದರೆ ನೆಲಕ್ಕೂ ಕಾರಿನ ಅಡಿಗೂ ನಡುವಿನ ಎತ್ತರ, 155 ಮಿಲಿಮೀಟರ್, ಬಲೆನೊದ್ದು 170. ಈ 15 ಮಿಲಿಮೀಟರಿನ ಬೆಲೆ ನನಗೆ ಗೊತ್ತು.

ಸಿದ್ದಾಪುರದ ಶಿಕ್ಷಕಿಯೊಬ್ಬರ ಉತ್ತರ

ಕಾರಿನ ಒಳಗುಟ್ಟು ನನಗೆ ತಿಳಿಯದು. ಸಂಜೆ ಆರರ ಮೇಲೆ ಈ ರಸ್ತೆಯಲ್ಲಿ ಕಾರು ಓಡಿಸುವುದು ಗೊತ್ತು. ತಿರುವಿನಲ್ಲಿ ಆನೆ ನಿಂತಿದ್ದರೆ ಮುಂದೆ ಹೋಗುವ ವೇಗ ಪ್ರಯೋಜನಕ್ಕೆ ಬರುವುದಿಲ್ಲ, ಹಿಂದೆ ಬರುವ ವೇಗ ಬೇಕು. ಆದ್ದರಿಂದ ಕಾರನ್ನು ಕೊಳ್ಳುವ ಮುನ್ನ ಕತ್ತಲೆಯಲ್ಲಿ ರಿವರ್ಸ್ ತೆಗೆದು ನೋಡಿ. ಹಿಂದಿನ ಗಾಜು ಕಿರಿದಾಗಿದ್ದರೆ, ರಿವರ್ಸ್ ದೀಪ ಮಂಕಾಗಿದ್ದರೆ, ಆ ಕಾರು ಎಷ್ಟೇ ಚೆಂದವಿದ್ದರೂ ನಾನಾದರೆ ಬೇಡವೆನ್ನುತ್ತೇನೆ.

ಗೋಣಿಕೊಪ್ಪದ ಮೆಕ್ಯಾನಿಕ್ ಒಬ್ಬರ ಉತ್ತರ

ಹಗುರ ಕಾರು ತಂದವರು ಮೊದಲು ಮಾಡುವ ತಪ್ಪು ಅಗಲದ ಟೈರು ಹಾಕಿಸುವುದು. ಅಗಲದ ಟೈರು ಒಣ ರಸ್ತೆಯಲ್ಲಿ ಹಿಡಿತ ಕೊಡುತ್ತದೆ, ನಿಜ. ಆದರೆ ಟೈರು ಅಗಲವಾದಷ್ಟೂ, ಅದರ ಮೇಲಿನ ಭಾರ ಕಡಿಮೆಯಾದಷ್ಟೂ, ನಿಂತ ನೀರನ್ನು ಸೀಳಿ ರಸ್ತೆಯನ್ನು ಮುಟ್ಟುವುದು ಅದಕ್ಕೆ ಕಷ್ಟವಾಗುತ್ತದೆ, ಕಾರು ನೀರಿನ ಮೇಲೆ ತೇಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನಲ್ಲೇ ಓಡಿಸುವ ನಮಗೆ ಕಂಪನಿ ಕೊಟ್ಟ ಅಳತೆಯೇ ಸರಿ. ಕಾನೂನಿನ ಪ್ರಕಾರ ಟೈರಿನ ಗೆರೆಯ ಆಳ 1.6 ಮಿಲಿಮೀಟರ್ ಉಳಿದಿದ್ದರೂ ಸಾಕು, ಆದರೆ ನಾನು 3 ಮಿಲಿಮೀಟರಿಗೆ ಇಳಿದೊಡನೆ ಮಳೆಗಾಲಕ್ಕೆ ಮುನ್ನ ಬದಲಿಸಲು ಹೇಳುತ್ತೇನೆ. ಟೈರಿನ ಪಕ್ಕೆ ತೀರ ಗಿಡ್ಡವಿದ್ದರೆ ಗುಂಡಿಗೆ ಬಿದ್ದಾಗ ಉಬ್ಬುತ್ತದೆ, ರಿಮ್ ಸಹ ಬಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದಾಗ ಪೆಡಲ್ ಸ್ಪಂಜಿನಂತಾಗುತ್ತದೆ. ನಮ್ಮ ಊರಿನ ಹವೆಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ಬ್ರೇಕ್ ಕಾಯದಿರಲು ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲೇ ಹಿಡಿದು ಇಳಿಯಬೇಕು. ಹಳೆಯ ಕಾರನ್ನು ನೋಡಲು ಹೋದಾಗ ಬಾನೆಟ್ ಹೊಳಪಿಗೆ ಮಾರುಹೋಗದೆ, ಟಾರ್ಚ್ ಹಿಡಿದು ಅಡಿಯಲ್ಲಿ ಮಲಗಿ ನೋಡಿ. ಸಬ್‌ಫ್ರೇಮ್ (ಅಡಿಯ ಉಕ್ಕಿನ ಚೌಕಟ್ಟು) ಮೇಲೆ ತುಕ್ಕು, ಬುಷ್‌ಗಳಲ್ಲಿ (ಕೀಲುಗಳ ರಬ್ಬರ್) ಬಿರುಕು, ಸಂಪ್ ಮೇಲೆ ಕೆರೆದ ಗುರುತು ಇವು ಕಾಣದೆ ಇರುವುದಿಲ್ಲ. ತೋಟದ ಮನೆಯಲ್ಲಿ ನಿಂತಿದ್ದ ಕಾರಾದರೆ ವೈರಿಂಗನ್ನೂ ನೋಡಿ, ಇಲಿ ಕಡಿದದ್ದನ್ನು ಟೇಪು ಸುತ್ತಿ ಮಾರಲು ತಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪುಂಟೊ ಒಳ್ಳೆಯ ಕಾರೇ, ಆದರೆ ಅದನ್ನು ತಯಾರಿಸುತ್ತಿದ್ದ ಫಿಯೆಟ್ ಇಲ್ಲಿ ಮಾರಾಟ ನಿಲ್ಲಿಸಿದ ಮೇಲೆ ಅದರ ಬಿಡಿಭಾಗಕ್ಕೆ ಬೆಂಗಳೂರಿಗೆ ಫೋನ್ ಮಾಡುತ್ತಾ ಕೂರಬೇಕು. ದಿನಾ ಕೆಲಸಕ್ಕೆ ಹೋಗಬೇಕಾದವರಿಗೆ ಅದು ತೊಂದರೆಯೇ.

ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಅಮ್ಮತ್ತಿಯವರ ಮಾತನ್ನು ಓದಿದ ಮೇಲೆ ಟೇಪು ಹಿಡಿದು ನಮ್ಮ ಗೇಟಿನ ಬಳಿ ಹೋಗಿದ್ದೆ. ನಮ್ಮಲ್ಲಿಯೂ ಅಂತಹದೇ ಒಂದು ದಿಂಡು ಇದೆ. ಹತ್ತು ವರ್ಷ ಜೀಪಿನಲ್ಲಿ ಅದರ ಮೇಲೆ ಹಾದುಹೋಗಿದ್ದರೂ ಅದರ ಎತ್ತರವನ್ನು ಗಮನಿಸಿಯೇ ಇರಲಿಲ್ಲ. ಅಳೆದರೆ 160 ಮಿಲಿಮೀಟರ್ ಇದೆ. ಪುಂಟೊವನ್ನು ಅಲ್ಲಿಗೇ ಬಿಟ್ಟೆ. ಮೈಸೂರಿನಲ್ಲಿ ಒಂದು ಬಲೆನೊ ಆರ್‌ಎಸ್ ಇದೆಯಂತೆ, ಭಾನುವಾರ ಟಾರ್ಚ್ ಹಿಡಿದು ನೋಡಿ ಬರುತ್ತೇನೆ. 10 ಮಿಲಿಮೀಟರ್ ಅಂತರವನ್ನು ನಂಬಿ ಕೂರುವುದಕ್ಕಿಂತ ದಿಂಡಿನ ಎರಡೂ ಕಡೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸೋಣವೆಂದು ಅಪ್ಪ ಹೇಳಿದ್ದಾರೆ. ಮಳೆ ಹಿಡಿಯುವ ಮುನ್ನ ಆ ಕೆಲಸವನ್ನು ಮುಗಿಸಬೇಕು.