‘ನರಕ್ಕೆ ಇಂಜೆಕ್ಷನ್’ ಅಂದ್ರೆ ಯಾವ ನರ?

ನಮಸ್ಕಾರ. ಮಂಡ್ಯದಲ್ಲಿ ಸೊಂಟನೋವಿನವರಿಗೆ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಸಯಾಟಿಕಾಗೆ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿಗೆ, ಸೊಂಟದಲ್ಲಿ ನರಗಳ ಹತ್ತಿರ ಕೊಡುವ ಎಪಿಡ್ಯೂರಲ್ ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ. ಪದಗಳು ಕೈಕೊಡುತ್ತಿವೆ.

ನಮ್ಮ ಕಡೆ ‘ನರ’ ಎಲ್ಲಕ್ಕೂ ಸಲ್ಲುತ್ತದೆ. ಕಾಲಿನ ರಕ್ತನಾಳ ಗಂಟುಗಟ್ಟಿದರೂ ‘ನರ ಉಬ್ಬಿದೆ’. ಡ್ರಿಪ್ ಹಾಕಲು ಪರದಾಡಿದರೂ ‘ನರ ಸಿಗ್ತಿಲ್ಲ’. ಕರಡಿನ ‘ನರದ ಬುಡಕ್ಕೆ ಇಂಜೆಕ್ಷನ್’ ಸಾಲನ್ನು ಗದ್ದೆ ಕೆಲಸದ ಅಜ್ಜಿಯೊಬ್ಬರಿಗೆ ಓದಿ ಹೇಳಿದೆ. ಅವರು ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದರು. ‘ಇಲ್ಲೇ ಹಾಕ್ಬುಡಿ, ನರ ಚೆನ್ನಾಗಿ ಕಾಣ್ತದೆ’ ಅಂದರು!

‘ಬೆನ್ನುಹುರಿಗೆ ಇಂಜೆಕ್ಷನ್’ ಅನ್ನೋಣವೇ? ಅದು ತಪ್ಪು, ಸುಮ್ನೆ ಹೆದರಿಸುವ ತಪ್ಪು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಸಯಾಟಿಕಾ ಜಾಸ್ತಿ ಬರುವುದು ಅದಕ್ಕಿಂತ ಕೆಳಗೆ. ನಾಲ್ಕು ಮತ್ತು ಐದನೇ ಮೂಳೆಗಳ ನಡುವೆ, ಇಲ್ಲವೇ ಐದನೆಯದರ ಕೆಳಗೆ, ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ನರದ ಬೇರನ್ನು ಒತ್ತಿದಾಗ. ಅಲ್ಲಿ ಹುರಿ ಇಲ್ಲ, ಅದರಿಂದ ಇಳಿದುಬಂದ ನರಗಳ ಗೊಂಚಲಿದೆ. ಮದ್ದು ಹೋಗುವುದು ಆ ಗೊಂಚಲನ್ನು ಸುತ್ತಿರುವ ಡ್ಯೂರಾ ಎಂಬ ಪೊರೆಯ ಹೊರಗೆ. ಸೂಜಿ ಎಲ್ಲಿದೆ ಎಂದು ಸಾಮಾನ್ಯವಾಗಿ ಎಕ್ಸ್‌ರೇ ಪರದೆಯಲ್ಲಿ ನೋಡುತ್ತಲೇ ಕೊಡುತ್ತಾರೆ.

‘ಪೊರೆಯ ಹೊರಗಿನ ಚುಚ್ಚುಮದ್ದು’ ಎಂದು ಬರೆದರೆ ಅರ್ಥವೇನೋ ಸರಿ. ಆದರೆ ಪೊರೆ ಅಂದ ಕೂಡಲೇ ನಮ್ಮ ಜನಕ್ಕೆ ಕಣ್ಣಿನ ಆಪರೇಷನ್ ನೆನಪಾಗುತ್ತದೆ, ಅಲ್ವಾ? ಸದ್ಯಕ್ಕೆ ‘ಸೊಂಟದ ಮೂಳೆ ಸಂದಿಗೆ ಕೊಡುವ ಇಂಜೆಕ್ಷನ್’ ಎಂದಿಟ್ಟಿದ್ದೇನೆ. ಉದ್ದವಾಯಿತು, ಪೂರ್ತಿ ಸಮಾಧಾನವೂ ಇಲ್ಲ.

‘ಉರಿಯೂತ’ ತೆಗೆದು ‘ಊತ’ ಹಾಕಿದೆ. ‘ಗುಣವಾಗುತ್ತದೆ’ ಬದಲು ‘ನೋವು ಇಳಿಯಬಹುದು’ ಎಂದೆ. ಏಕೆಂದರೆ ಈ ಮದ್ದು ಡಿಸ್ಕಿನ ಉಬ್ಬನ್ನು ತೆಗೆಯುವುದಿಲ್ಲ. ನರದ ಸುತ್ತಲಿನ ಊತ ತಗ್ಗಿಸುತ್ತದೆ ಅಷ್ಟೆ. ಕಾಲಿನ ಸೆಳೆತ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಕಮ್ಮಿ ಇರುತ್ತದೆ. ಕೆಲವರಿಗೆ ಏನೂ ಆಗದೆಯೂ ಹೋಗಬಹುದು. ಶುಗರ್ ಇದ್ದವರಿಗೆ ಕೆಲವು ದಿನ ಸಕ್ಕರೆ ಏರಬಹುದು ಎಂಬ ಸಾಲು ಮಾತ್ರ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು.

ದಯವಿಟ್ಟು ಸಯಾಟಿಕಾಗೆ ಆಯುರ್ವೇದದ ‘ಗೃಧ್ರಸಿ’ ಪದ ಸೂಚಿಸಬೇಡಿ. ಗೃಧ್ರ ಅಂದರೆ ಹದ್ದು, ಅದರ ನಡಿಗೆಯ ಹೋಲಿಕೆ ಚೆಂದವೇ. ಆದರೆ ಇಲ್ಲಿನವರಿಗೆ ‘ಸಯಾಟಿಕಾ’ ಗೊತ್ತು, ಅದು ಗೊತ್ತಿಲ್ಲ. ಬಾಯಿಮಾತಿನಲ್ಲಂತೂ ‘ಸೊಂಟದಿಂದ ಕಾಲ್ಗಂಟ ಎಳೀತದೆ’ ಅಂತಲೇ ಹೇಳುತ್ತಾರೆ.

ನೋವು ಹರಿಯುವ ನರಕ್ಕೂ ರಕ್ತ ಹರಿಯುವ ನರಕ್ಕೂ ನಿಮ್ಮ ಕಡೆ ಬೇರೆ ಬೇರೆ ಮಾತು ಇದೆಯೇ? ಧಾರವಾಡ, ಕಲಬುರಗಿ, ಕುಂದಾಪುರದವರು ಹೇಳಿ. ನಿಘಂಟು ನನ್ನ ಹತ್ತಿರವೂ ಇದೆ, ಮನೆಯಲ್ಲಿ ಆಡುವ ಪದ ಬೇಕು.